4,200 ಬುಡ: ದಾವಣಗೆರೆಯಿಂದ ಇಸ್ತಾಂಬುಲ್‌ಗೆ ಹೋಗಿ ಬಂದ ಒಂದು ತಲೆ

ನನ್ನ ಹೆಂಡತಿಯ ತಮ್ಮನ ತಲೆಯ ಫೋಟೋಗಳು ನನ್ನ ಫೋನಿನಲ್ಲಿ 61 ಇವೆ. ಮುಂದಿನಿಂದ, ನೆತ್ತಿಯಿಂದ, ಹಿಂದಿನಿಂದ. ಇಸ್ತಾಂಬುಲ್‌ನಲ್ಲಿ ತೆಗೆದ ಕೆಲವನ್ನು ಬಿಟ್ಟರೆ ಎಲ್ಲವೂ ನಮ್ಮ ಮೆಡಿಕಲ್ ಶಾಪಿನ ಒಂದೇ ಟ್ಯೂಬ್‌ಲೈಟಿನ ಕೆಳಗೆ ತೆಗೆದವು. ಮೊದಲನೆಯದು 2022ರ ಅಕ್ಟೋಬರ್‌ನದು. ಅದಾದ ಮೇಲೆ ಅವನು ಟರ್ಕಿಯ ಇಸ್ತಾಂಬುಲ್‌ಗೆ ಹೋಗಿ ಕೂದಲು ಕಸಿ ಮಾಡಿಸಿಕೊಂಡ, ಅಂದರೆ ತಲೆಯ ಹಿಂದಿನ ಕೂದಲನ್ನು ಬುಡಸಮೇತ ತೆಗೆದು ಮುಂದೆ ನೆಡಿಸಿಕೊಂಡ. ಇವನ್ನೆಲ್ಲ ಸಾಲಾಗಿ ಇಟ್ಟು ನೋಡಿದಾಗ ನನಗೆ ಒಂದು ವಿಷಯ ತಡವಾಗಿ ಅರ್ಥವಾಯಿತು. ಅದನ್ನು ಬರೆಯೋಣ ಅನ್ನಿಸಿತು. ಅವನನ್ನು ಕೇಳಿದೆ. "ಹೆಸರು ಹಾಕಬ್ಯಾಡ್ರಿ ಭಾವ, ಊರು ಬೇಕಾದ್ರೆ ಹಾಕ್ರಿ" ಅಂದ. ಹಾಗಾಗಿ ಇಲ್ಲಿ ಅವನು ಬರೀ ಭಾಮೈದ.

ನಾನು ಡಾಕ್ಟರ್ ಅಲ್ಲ. ಬಿ.ಫಾರ್ಮ ಓದಿ ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟವನು. ಕೂದಲು ಉದುರುತ್ತೆ ಅಂತ ಬಂದವರಿಗೆ ವರ್ಷಗಟ್ಟಲೆ ಎಣ್ಣೆ, ಶಾಂಪೂ ಮಾರಿದ್ದೇನೆ. ಭಾಮೈದನಿಗೂ ಮಾರಿದ್ದೇನೆ. ಅವನಿಗೆ ಡಿಸ್ಕೌಂಟ್ ಕೊಟ್ಟೆ, ಅಷ್ಟೇ ವ್ಯತ್ಯಾಸ.

ತಲೆ ಹೇಗಿತ್ತು

2022ರಲ್ಲಿ ಅವನಿಗೆ 27. ಹಾರ್ಡ್‌ವೇರ್ ಅಂಗಡಿ. ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದೆ ಸರಿದಿತ್ತು, ನೆತ್ತಿಯಲ್ಲಿ ನಾಣ್ಯದಷ್ಟು ಜಾಗ ತೆಳುವಾಗಿತ್ತು. ಗಂಡಸರ ಬೋಳನ್ನು ಅಳೆಯಲು ಡಾಕ್ಟರುಗಳು ಬಳಸುವ ಒಂದು ಪಟ್ಟಿ ಇದೆ. ಅಮೆರಿಕದ ಹ್ಯಾಮಿಲ್ಟನ್ ಮಾಡಿದ್ದನ್ನು 1975ರಲ್ಲಿ ನಾರ್ವುಡ್ ತಿದ್ದಿದರು. ಅದರಲ್ಲಿ 7 ಹಂತ. ಭಾಮೈದ ಮೂರನೆಯದರಲ್ಲಿದ್ದ.

ನಮ್ಮ ಮಾವನವರು ಏಳನೆಯದರಲ್ಲಿ ಇದ್ದಾರೆ. ಒಂದು ಕಿವಿಯಿಂದ ಇನ್ನೊಂದು ಕಿವಿವರೆಗೆ ಹಿಂದೆ ಒಂದು ಪಟ್ಟಿ, ಉಳಿದದ್ದು ಕನ್ನಡಿ. ದೊಡ್ಡಮಾವನವರದ್ದೂ ಅದೇ ಕತೆ. ಈ ಎರಡು ಸಾಲನ್ನು ನೆನಪಿಟ್ಟುಕೊಳ್ಳಿ. ಆಗ ನಾವ್ಯಾರೂ ಇಟ್ಟುಕೊಳ್ಳಲಿಲ್ಲ.

ಈ ಬಗೆಯ ಬೋಳಿಗೆ ಕಾರಣ ನೀರೂ ಅಲ್ಲ, ಹೆಲ್ಮೆಟ್ಟೂ ಅಲ್ಲ. ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ಮೈಯಲ್ಲೇ ಡಿಎಚ್‌ಟಿ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಹುಟ್ಟಿನಿಂದ ಅದಕ್ಕೆ ಸೋಲುವ ಗುಣ ಇರುವ ಕೂದಲ ಬುಡಗಳು ಸಣ್ಣಗಾಗುತ್ತಾ ಹೋಗುತ್ತವೆ. ಕೂದಲು ಮೊದಲು ತೆಳು, ಆಮೇಲೆ ನವಿರು, ಆಮೇಲೆ ಇಲ್ಲ. ಆದರೆ ತಲೆಯ ಹಿಂದೆ ಮತ್ತು ಪಕ್ಕದಲ್ಲಿರುವ ಬುಡಗಳು ಈ ಡಿಎಚ್‌ಟಿಗೆ ಸಾಮಾನ್ಯವಾಗಿ ಜಗ್ಗುವುದಿಲ್ಲ. 1950ರ ದಶಕದಲ್ಲಿ ನ್ಯೂಯಾರ್ಕ್‌ನ ನಾರ್ಮನ್ ಒರೆಂಟ್ರೈಕ್ ಹಿಂದಿನ ಕೂದಲನ್ನು ಮುಂದೆ ನೆಟ್ಟು ನೋಡಿದರು. ಜಾಗ ಬದಲಾದರೂ ಅದು ಹಳೆಯ ಗುಣ ಬಿಡಲಿಲ್ಲ. ಗಂಡನ ಮನೆಗೆ ಬಂದರೂ ತವರಿನ ರುಚಿ ಬಿಡದ ಸೊಸೆಯ ಹಾಗೆ. ಇಡೀ ಕೂದಲು ಕಸಿ ನಿಂತಿರುವುದು ಇದರ ಮೇಲೆಯೇ.

ಭದ್ರಾ ನಾಲೆಯ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಮಡಿಯಲ್ಲಿ ಸಸಿ ಕಿತ್ತು ಗದ್ದೆಗೆ ನಾಟಿ ಮಾಡುತ್ತೇವಲ್ಲ, ಹಾಗೆ. ಒಂದೇ ವ್ಯತ್ಯಾಸ. ಇಲ್ಲಿ ಮಡಿಗೆ ಮತ್ತೆ ಬೀಜ ಚೆಲ್ಲಲು ಬರುವುದಿಲ್ಲ. ಕಿತ್ತ ಜಾಗ ಖಾಲಿಯೇ. ಒಬ್ಬ ಮನುಷ್ಯನ ಹಿಂದಲೆಯಿಂದ ಜೀವಮಾನದಲ್ಲಿ ತೆಗೆಯಬಹುದಾದ ಬುಡದ ಗೊಂಚಲುಗಳು ಸಾಮಾನ್ಯವಾಗಿ ಐದಾರು ಸಾವಿರದ ಆಸುಪಾಸು. ಈ ಗೊಂಚಲನ್ನೇ ಗ್ರಾಫ್ಟ್ ಅನ್ನುತ್ತಾರೆ. ಒಂದೊಂದರಲ್ಲಿ 1ರಿಂದ 4 ಕೂದಲು.

ಅಷ್ಟು ದೂರ ಯಾಕೆ

ಮೂರು ಕಡೆ ಹೆಣ್ಣು ನೋಡಿ ಬಂದೆವು. ಮೂರನೇ ಮನೆಯವರು ಮಧ್ಯಸ್ಥರ ಕೈಲಿ ಹೇಳಿಕಳಿಸಿದರು, "ಹುಡುಗನ ವಯಸ್ಸು ನಿಜವಾಗ್ಲೂ ಇಪ್ಪತ್ತೇಳಾ?" ಅಂತ. ಅವತ್ತು ರಾತ್ರಿ ಅವನು ಊಟ ಮಾಡಲಿಲ್ಲ.

ದಾವಣಗೆರೆಯಲ್ಲಿ ಡಾಕ್ಟರುಗಳಿಗೇನು ಬರ? ಎರಡು ಮೆಡಿಕಲ್ ಕಾಲೇಜು ಇರುವ ಊರು. ಚರ್ಮದ ವೈದ್ಯರು ಬೇಕಾದಷ್ಟು ಜನ ಇದ್ದಾರೆ. ಅವನ ತಕರಾರೇ ಬೇರೆ. "ಇಲ್ಲಿ ಎಲ್ಲಿ ಹೋದ್ರೂ ನಮ್ಮ ಗಿರಾಕಿನೇ ಬಾಜೂಕ ಕುಂತಿರ್ತಾನೆ. ಸಂಜಿ ಒಳಗ ಮಂಡಿಪೇಟೆಗೆಲ್ಲ ಗೊತ್ತಾಗುತ್ತೆ." ಅಂದರೆ ಅವನಿಗೆ ಬೇಕಾಗಿದ್ದು ಚಿಕಿತ್ಸೆ ಅರ್ಧ, ಗುಟ್ಟು ಅರ್ಧ. ವಿದೇಶಕ್ಕೆ ಹೋಗುವವರ ಲೆಕ್ಕದಲ್ಲಿ ಈ ಗುಟ್ಟಿನ ಬೆಲೆಯನ್ನು ಯಾರೂ ಬರೆಯುವುದಿಲ್ಲ.

ಬೆಂಗಳೂರಿಗೆ ಒಮ್ಮೆ ಹೋದೆವು. ಅಲ್ಲಿಯ ಡಾಕ್ಟರು ಭೂತಗನ್ನಡಿಯಂಥ ಡರ್ಮೋಸ್ಕೋಪ್ ಹಿಡಿದು ಮುಂದೆ ಹಿಂದೆ ಎಲ್ಲ ನೋಡಿದರು. ಅಪ್ಪನ ತಲೆ ಹೇಗಿದೆ ಅಂತ ಕೇಳಿದರು. ನಾನು ಫೋನಿನಲ್ಲಿ ಮಾವನವರ ಫೋಟೋ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಒಂದು ವರ್ಷ ಮಾತ್ರೆ ತಗೊಳ್ಳಿ, ಉದುರೋದು ನಿಲ್ಲಲಿ. ಆಮೇಲೆ ಬನ್ನಿ. ಆಗಲೂ 2,200ರಿಂದ 2,500 ಗ್ರಾಫ್ಟ್ ಸಾಕು. ಕೂದಲ ಗೆರೆಯನ್ನು ನೀವು ಕೇಳಿದಷ್ಟು ಕೆಳಗೆ ಇಳಿಸಲ್ಲ." ಗ್ರಾಫ್ಟ್‌ಗೆ 50 ರೂಪಾಯಿಯಂತೆ ಹೆಚ್ಚೆಂದರೆ 1,25,000.

ಭಾಮೈದನಿಗೆ ಇದು ಇಲ್ಲ ಅಂದಂಗೆ ಕೇಳಿಸಿತು. ಮಾತ್ರೆ ಎಂದರೆ ಫಿನಾಸ್ಟರೈಡ್. ಬೋಳಿಗೆ ಅಂತ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ, ದಿನಕ್ಕೆ 1 ಮಿಲಿಗ್ರಾಂ. ಡಿಎಚ್‌ಟಿ ಆಗುವುದನ್ನು ತಗ್ಗಿಸುತ್ತದೆ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕಡಿಮೆಯಾಗುವುದುಂಟು. ಹೆಣ್ಣು ನೋಡುತ್ತಿರುವ ಹುಡುಗ ಅದನ್ನು ಫೋನಿನಲ್ಲಿ ಓದಿದರೆ ಏನಾಗಬೇಕೋ ಅದೇ ಆಯಿತು.

ಬಸ್ಸಿನಲ್ಲಿ ವಾಪಸ್ ಬರುವಾಗ, ಚಿತ್ರದುರ್ಗ ಇನ್ನೂ ದಾಟಿರಲಿಲ್ಲ, ಅವನು ಮೂರು ಫೋಟೋ ಇಸ್ತಾಂಬುಲ್‌ನ ಒಂದು ಕ್ಲಿನಿಕ್ಕಿಗೆ ವಾಟ್ಸಾಪ್ ಮಾಡಿದ. ದಾವಣಗೆರೆ ಬರುವಷ್ಟರಲ್ಲಿ ಉತ್ತರ. 4,000ಕ್ಕಿಂತ ಜಾಸ್ತಿ ಗ್ರಾಫ್ಟ್, ಒಂದೇ ದಿನ, ಮೂರು ರಾತ್ರಿ ಹೋಟೆಲ್, ಕಾರು, ಔಷಧಿ ಎಲ್ಲ ಸೇರಿ 2,300 ಯೂರೋ. ಬರೆದದ್ದು ಡಾಕ್ಟರಲ್ಲ, ಕೋಆರ್ಡಿನೇಟರ್ ಎಂಬ ಹುಡುಗಿ. ಅಪ್ಪನ ತಲೆ ಹೇಗಿದೆ ಅಂತ ಅವಳು ಕೇಳಲಿಲ್ಲ. ನಾವೂ ಹೇಳಲಿಲ್ಲ.

ನನ್ನ ಪಾಲಿನ ತಪ್ಪು ಇಲ್ಲೇ ಇದೆ. ಮನೆಯವರು ನನ್ನನ್ನು ಜೊತೆಗೆ ಕಳಿಸಿದ್ದು ಔಷಧಿ ಗೊತ್ತಿರುವವನು ಅಂತ. ನಾನು ಹೋಟೆಲ್ ರಿವ್ಯೂ ಓದಿದೆ. ವಿಮಾನದ ಟಿಕೆಟ್ ದರ ನಾಲ್ಕು ಕಡೆ ನೋಡಿದೆ. ನಮ್ಮ ಬಳಿ ಅಮೆರಿಕ, ಯುರೋಪಿನ ವೀಸಾ ಇರಲಿಲ್ಲವಾದ್ದರಿಂದ ಟರ್ಕಿಯ ಇ-ವೀಸಾ ಸಿಗಲ್ಲ, ಸ್ಟಿಕರ್ ವೀಸಾನೇ ಬೇಕು ಅಂತ ಪತ್ತೆ ಮಾಡಿ ಅದನ್ನೂ ಮಾಡಿಸಿದೆ. ಚರ್ಮಕ್ಕೆ ತೂತು ಹಾಕುವವರು ಯಾರು ಅಂತ ಮಾತ್ರ ಕೇಳಲಿಲ್ಲ.

2023ರ ಜನವರಿ 16

ಸಂಕ್ರಾಂತಿಗೆ ಎರಡು ದಿನ ಮೊದಲೇ ಮನೆ ಬಿಟ್ಟೆವು. ನನ್ನ ಹೆಂಡತಿ ಬೈಯುತ್ತಲೇ ಎಳ್ಳು ಬೆಲ್ಲ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿಕೊಟ್ಟಳು. ಮುಂಬೈ ಮೇಲೆ ಹೋದೆವು. ಇಸ್ತಾಂಬುಲ್‌ನಲ್ಲಿ ಚಳಿ, ಜಿನುಗು ಮಳೆ. ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ. ಏರ್‌ಪೋರ್ಟಿನಲ್ಲಿ ನಾವು ಒಳಗೆ ಬರುವಾಗಲೇ ಹೊರಗೆ ಹೋಗುವವರ ಸಾಲಿನಲ್ಲಿ ತಲೆಗೆ ಕಪ್ಪು ಪಟ್ಟಿ ಕಟ್ಟಿದ ಗಂಡಸರು ಕಂಡರು. ನೆತ್ತಿ ಕೆಂಪಗೆ, ಚುಕ್ಕೆ ಚುಕ್ಕೆ. ಯಾರಿಗೂ ನಾಚಿಕೆ ಇಲ್ಲ. ಭಾಮೈದನ ಮುಖ ಅರಳಿತು. ಮುಚ್ಚಿಡುವ ಕೆಲಸವನ್ನು ಇಡೀ ಊರಿನ ಮುಂದೆ ಆರಾಮಾಗಿ ಮಾಡಬಹುದಾದ ಜಾಗ ಅದು.

16ನೇ ತಾರೀಖು ಬೆಳಗ್ಗೆ 8ಕ್ಕೆ ಕಾರು ಬಂತು. ರಕ್ತ ತೆಗೆದರು. ಒಪ್ಪಿಗೆ ಪತ್ರ ಇಂಗ್ಲಿಷ್, ಟರ್ಕಿ ಎರಡರಲ್ಲೂ ಇತ್ತು, ಹಲವು ಪುಟ. ಅರ್ಧ ಬೋಳಿಸಿದ ತಲೆಯಲ್ಲಿ, 5,000 ಕಿಲೋಮೀಟರಿಗಿಂತ ಜಾಸ್ತಿ ದೂರ ಬಂದ ಮೇಲೆ, ಯಾರು ಓದುತ್ತಾರೆ? ಸಹಿ ಹಾಕಿದ.

ಡಾಕ್ಟರು ಬಂದು ಪೆನ್ನಿನಲ್ಲಿ ಗೆರೆ ಎಳೆದರು. ಭಾಮೈದ ಕಾಲೇಜು ಐಡಿ ಕಾರ್ಡಿನ ಫೋಟೋ ತೋರಿಸಿ ಇನ್ನೂ ಕೆಳಗೆ ಬೇಕು ಅಂದ. ಒರೆಸಿ ಕೆಳಗೆ ಎಳೆದರು. ಬೆಂಗಳೂರಿನವರು ಬೆರಳಿಟ್ಟು ತೋರಿಸಿದ್ದ ಜಾಗಕ್ಕಿಂತ ಒಂದೂವರೆ ಬೆರಳು ಕೆಳಗೆ. ಐದಾರು ನಿಮಿಷದ ಕೆಲಸ. ಆಮೇಲೆ ಆ ಡಾಕ್ಟರನ್ನು ಅವನು ಮತ್ತೆ ನೋಡಲೇ ಇಲ್ಲ. ಒಳಗಿದ್ದವರು ನಾಲ್ಕು ಜನ ಟೆಕ್ನಿಷಿಯನ್‌ಗಳು. ನನ್ನನ್ನು ಹೊರಗೆ ಕೂರಿಸಿ ಚಹಾ ಕೊಟ್ಟರು. ಚಹಾ ಚೆನ್ನಾಗಿತ್ತು.

ಒಳಗಿನದ್ದು ಅವನು ಹೇಳಿದ್ದು. ಎಲ್ಲಕ್ಕಿಂತ ಹೆಚ್ಚು ನೋವಾಗಿದ್ದು ಮರಗಟ್ಟಿಸುವ ಇಂಜೆಕ್ಷನ್ನಿಗೆ, ಹತ್ತು ಹದಿನೈದು ನಿಮಿಷ. ಆಮೇಲೆ ಏನೂ ಗೊತ್ತಾಗುವುದಿಲ್ಲ, ಬರೀ ಸದ್ದು. ಬೋರಲು ಮಲಗಿಸಿ ಒಂದು ಮಿಲಿಮೀಟರಿಗಿಂತ ಸಣ್ಣ ಬಾಯಿಯ ಟೊಳ್ಳು ಸೂಜಿಯಂಥ ಪಂಚ್‌ನಿಂದ ಹಿಂದಲೆಯ ಗೊಂಚಲನ್ನು ಒಂದೊಂದಾಗಿ ಬಿಡಿಸುತ್ತಾರೆ. ಇದಕ್ಕೆ ಎಫ್‌ಯುಇ ಅನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಹಿಂದೆ ಒಂದು ಪಟ್ಟಿ ಚರ್ಮವನ್ನೇ ಕತ್ತರಿಸಿ ಹೊಲಿಯುತ್ತಿದ್ದರು, ಉದ್ದ ಗಾಯದ ಗುರುತು ಉಳಿಯುತ್ತಿತ್ತು. ಇದರಲ್ಲಿ ಗುರುತು ಚುಕ್ಕೆಗಳಾಗಿ ಹರಡಿರುತ್ತದೆ. ಪಂಚ್‌ನ ಕೋನ ಸ್ವಲ್ಪ ತಪ್ಪಿದರೂ ಒಳಗಿನ ಬುಡ ಕತ್ತರಿಸಿಹೋಗುತ್ತದೆ. ಕತ್ತರಿಸಿದ ಬುಡವನ್ನು ನೆಟ್ಟರೆ ಹತ್ತುವ ಭರವಸೆ ಇಲ್ಲ. ಮಧ್ಯಾಹ್ನ ಊಟಕ್ಕೆ ಬಿಟ್ಟರು. ಆಮೇಲೆ ಅಂಗಾತ ಮಲಗಿಸಿ ನಾಟಿ. ಸಂಜೆ 5ಕ್ಕೆ ಹೊರಬಂದ. ಚೀಟಿಯಲ್ಲಿ 4,200 ಅಂತ ಬರೆದಿತ್ತು.

"ಭಾವ, 4,200!" ಅಂದ, ಡಿಸ್ಟಿಂಕ್ಷನ್ ಬಂದವನ ಹಾಗೆ. ನಾನೂ ಬೆನ್ನು ತಟ್ಟಿದೆ.

ಮೂರನೇ ದಿನ ಊತ ಹಣೆಯಿಂದ ಕಣ್ಣಿಗೆ ಇಳಿಯಿತು. ಇದು ಮಾಮೂಲು, ಆದರೆ ನೋಡಲು ಭಯ. ಆ ಮುಖ ಹೊತ್ತು ಮುಂಬೈನಲ್ಲಿ ಇಳಿದೆವು. ಇಮಿಗ್ರೇಷನ್‌ನವರು ಪಾಸ್‌ಪೋರ್ಟಿನ ಫೋಟೋ ನೋಡಿದರು, ಇವನನ್ನು ನೋಡಿದರು, ನೆತ್ತಿ ನೋಡಿದರು. "ಟರ್ಕಿ?" ಅಂದರು. ಠಪ್ಪನೆ ಸೀಲ್ ಬಿತ್ತು.

ಒಟ್ಟು ಖರ್ಚು: ಪ್ಯಾಕೇಜು 2,02,000, ಇಬ್ಬರ ವಿಮಾನ 1,10,000, ವೀಸಾ ಮತ್ತು ಓಡಾಟ 22,000, ಉಳಿದದ್ದು 35,000. ಅಲ್ಲಿಗೆ 3,69,000. ಪ್ರಯಾಣದ ಇನ್ಶೂರೆನ್ಸ್ ಮಾಡಿಸಿದ್ದೆ. ಅಂದ ಹೆಚ್ಚಿಸುವ ಆಪರೇಷನ್ನಿನಿಂದ ಏನಾದರೂ ಆದರೆ ಅದು ಬರುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಇದ್ದದ್ದನ್ನು ಓದಿದ್ದು ವಿಮಾನದಲ್ಲಿ ಕುಳಿತ ಮೇಲೆ.

ಲಡ್ಡು ಎಲ್ಲಿ?

ಊರಿಗೆ ಬಂದಾಗ ಅವನ ತಲೆ ಬೋಳು. ಕೇಳಿದವರಿಗೆ ಹೇಳಲು ನಾವು ಮೊದಲೇ ಒಂದು ಮಾತು ಕಟ್ಟಿಟ್ಟಿದ್ದೆವು: ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ. ಚೆನ್ನಾಗೇ ನಡೆಯಿತು, ಎದುರುಮನೆ ಅಜ್ಜಿ "ಲಡ್ಡು ಕೊಡೋ ತಮ್ಮಾ" ಅಂತ ಕೈ ಚಾಚುವವರೆಗೆ. ನನ್ನ ಹೆಂಡತಿ ಬೇಕರಿಯಿಂದ ಲಡ್ಡು ತರಿಸಿದಳು. ಅಜ್ಜಿ ಒಂದು ತುಂಡು ಬಾಯಿಗೆ ಹಾಕಿ, ಏನೂ ಅನ್ನದೆ, ಇವನ ಟೋಪಿಯನ್ನೇ ನೋಡಿದರಂತೆ.

ಮೊದಲ ಎರಡು ವಾರದ ಕೆಲಸ ನಾನೇ ನೋಡಿಕೊಂಡೆ. ಗಂಟೆಗೊಮ್ಮೆ ಸಲೈನ್ ಸ್ಪ್ರೇ, ಕತ್ತಿಗೆ ದಿಂಬು ಕೊಟ್ಟು ತಲೆ ಎತ್ತಿ ಮಲಗುವುದು, ಉಜ್ಜದೆ ನೊರೆಯಲ್ಲಿ ತೊಳೆಯುವುದು. ಹತ್ತು ಹನ್ನೆರಡು ದಿನಕ್ಕೆ ಹಕ್ಕಳೆ ಉದುರಿತು. ಹೆಲ್ಮೆಟ್ ಹಾಕುವಂತಿಲ್ಲ, ಹಾಗಾಗಿ ಮೂರು ವಾರ ಬೈಕ್ ಇಲ್ಲ, ಆಟೋ. ಅಂಗಡಿಯಲ್ಲಿ ಸಿಮೆಂಟಿನ ಧೂಳು. ಗಲ್ಲಾ ಬಿಟ್ಟು ಏಳಬೇಡ ಅಂತ ತಾಕೀತು ಮಾಡಿದೆ. ಕೊಟ್ಟಿದ್ದ ಮಾತ್ರೆಗಳ ಹೆಸರು ಟರ್ಕಿ ಭಾಷೆಯಲ್ಲಿ. ಒಂದು ಆಂಟಿಬಯಾಟಿಕ್, ಒಂದು ಊತಕ್ಕೆ ಸ್ಟೀರಾಯ್ಡ್, ಒಂದು ನೋವಿಗೆ. ಒಳಗಿನ ಔಷಧಿಯ ಹೆಸರನ್ನು ಸ್ಟ್ರಿಪ್ಪಿನ ಹಿಂದೆ ಹುಡುಕಿ ಓದಿಕೊಂಡೆ. ಮೆಡಿಕಲ್ ಶಾಪಿನ ಭಾವ ಇಲ್ಲದವರು ಏನು ಮಾಡುತ್ತಾರೋ.

ಮೂರನೇ ವಾರ ನೆಟ್ಟ ಕೂದಲು ಉದುರತೊಡಗಿತು. ಇದೂ ಮಾಮೂಲು. ಬುಡ ಒಳಗೇ ಇರುತ್ತದೆ, ಮೇಲಿನ ಕಡ್ಡಿ ಬಿದ್ದು ಮೂರ್ನಾಲ್ಕು ತಿಂಗಳಿಗೆ ಹೊಸದು ಬರುತ್ತದೆ. ಆದರೆ ಜೊತೆಗೆ ಮುಂದೆ ಹತ್ತಿಪ್ಪತ್ತು ಕೀವುಗುಳ್ಳೆ ಎದ್ದವು. ಭಾನುವಾರ ರಾತ್ರಿ ಫೋಟೋ ತೆಗೆದು ಕೋಆರ್ಡಿನೇಟರ್‌ಗೆ ಕಳಿಸಿದೆವು. ಮರುದಿನ ಬೆಳಗ್ಗೆ ಟಿವಿ ಹಾಕಿದರೆ ಟರ್ಕಿಯಲ್ಲಿ ಭೂಕಂಪ. 2023ರ ಫೆಬ್ರವರಿ 6. ನಡುಗಿದ್ದು ದಕ್ಷಿಣದ ಕಹ್ರಾಮನ್ಮರಾಶ್ ಕಡೆ, ಇಸ್ತಾಂಬುಲ್‌ಗೆ ಅದು ದೂರ. ಆದರೆ ಆ ಹುಡುಗಿಯ ಊರು ಯಾವುದೋ, ಅಪ್ಪ ಅಮ್ಮ ಎಲ್ಲಿದ್ದಾರೋ. ಸಾವಿನ ಲೆಕ್ಕ ದಿನದಿನಕ್ಕೆ ಏರುತ್ತಾ ಹೋಗಿ ಟರ್ಕಿಯಲ್ಲೇ 50,000 ದಾಟಿತು. ಅಂಥ ಹೊತ್ತಲ್ಲಿ "ನಮ್ಮ ಗುಳ್ಳೆಗೆ ಏನು ಹಚ್ಚೋದು" ಅಂತ ಇನ್ನೊಂದು ಸಲ ಕೇಳುವುದಕ್ಕೆ ಇಬ್ಬರಿಗೂ ಬಾಯಿ ಬರಲಿಲ್ಲ. ಕಳಿಸಿದ್ದ ಫೋಟೋವನ್ನು ಅಳಿಸಿಬಿಡೋಣ ಅನ್ನಿಸಿತು.

ಕೊನೆಗೆ ದಾವಣಗೆರೆಯ ಚರ್ಮದ ಡಾಕ್ಟರ ಹತ್ತಿರವೇ ಹೋದೆವು. ಯಾವ ಬಾಗಿಲಿಗೆ ಹೋಗಬಾರದು ಅಂತ ಲಕ್ಷಗಟ್ಟಲೆ ಸುರಿದಿದ್ದೆವೋ ಅದೇ ಬಾಗಿಲು. ಗುಳ್ಳೆ ದೊಡ್ಡದೇನಲ್ಲ, ಮುಲಾಮಿಗೆ ಹೋಯಿತು. ಅವರು ಕೇಳಿದ್ದು ಎರಡೇ ಪ್ರಶ್ನೆ. "ತೂತು ಹಾಕಿದ್ದು ಯಾರು?" "ಎಷ್ಟು ತೆಗೆದರು?" ಎರಡನೆಯದಕ್ಕೆ ಚೀಟಿ ಇತ್ತು. ಮೊದಲನೆಯದಕ್ಕೆ ಚೀಟಿಯಲ್ಲಿ ಜಾಗವೇ ಇರಲಿಲ್ಲ.

ನಮ್ಮ ದೇಶದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಕೂದಲು ಕಸಿಯ ಬಗ್ಗೆ ಸೂಚನೆ ಹೊರಡಿಸಿತ್ತು. ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ತರಬೇತಾದ ವೈದ್ಯರೇ ಮಾಡಬೇಕು, ವಿಡಿಯೋ ನೋಡಿ ಕಲಿತರೆ ಸಾಲದು, ಸಹಾಯಕರು ಡಾಕ್ಟರ ಕೈಕೆಳಗೆ ಕೆಲಸ ಮಾಡಬೇಕು ಅಂತ. ಇಲ್ಲಿ ಎಲ್ಲರೂ ಪಾಲಿಸುತ್ತಾರೆ ಅಂತಲ್ಲ. ಆದರೆ ನಾವು ಟಿಕೆಟ್ ಮಾಡಿದ್ದು ಅದಾದ ಎರಡು ತಿಂಗಳಿಗೆ. ಔಷಧಿ ವ್ಯಾಪಾರದಲ್ಲಿರುವ ನನಗೆ ಅದು ಗೊತ್ತಿರಬೇಕಿತ್ತು.

ಒಂದು ವರ್ಷ, ಆಮೇಲೆ ಎರಡು

ಇನ್ನು ನ್ಯಾಯವಾಗಿ ಹೇಳಬೇಕಾದ ಮಾತು. ನೆಟ್ಟಿದ್ದು ಚೆನ್ನಾಗಿ ಹತ್ತಿತು. ಮೇ ತಿಂಗಳಲ್ಲಿ ನವಿರು, ದಸರಾ ಹೊತ್ತಿಗೆ ಬಾಚಣಿಗೆ, 2024ರ ಜನವರಿಗೆ ನಿಜವಾಗಲೂ ಕಾಲೇಜು ಐಡಿ ಕಾರ್ಡು. ಮದುವೆ ನಿಶ್ಚಯವಾಯಿತು. ಹುಡುಗಿಗೆ ಅವನೇ ಮೊದಲು ಹೇಳಿದ. "ಗೊತ್ತು, ನಿಮ್ಮ ಹಳೇ ಫೋಟೋ ಫೇಸ್‌ಬುಕ್ಕಿನಾಗೆ ಐತೆ" ಅಂದಳಂತೆ.

ಹಾಗಾಗಿ ಟರ್ಕಿ ಮೋಸ, ಬೆಂಗಳೂರು ಸಾಚಾ ಅಂತ ನಾನು ಬರೆಯಲಾರೆ. ಅಲ್ಲಿ ಒಳ್ಳೆಯ ಡಾಕ್ಟರುಗಳಿದ್ದಾರೆ, ಇಲ್ಲಿ ಬ್ಯೂಟಿ ಪಾರ್ಲರಿನ ಹಿಂದಿನ ಕೋಣೆಗಳೂ ಇವೆ. ಇವನ ಕತೆ ಕೆಟ್ಟದ್ದು ಊರಿನಿಂದಲ್ಲ, ವಯಸ್ಸು ಮತ್ತು ಲೆಕ್ಕದಿಂದ.

2024ರ ಅಕ್ಟೋಬರ್ ಫೋಟೋದಲ್ಲಿ ಅದು ಮೊದಲು ಕಂಡಿತು. ಮುಂದೆ ನೆಟ್ಟ ಕೂದಲು ಗಟ್ಟಿ. ಅದರ ಹಿಂದೆ ಅವನ ಹುಟ್ಟು ಕೂದಲು ತೆಳುವಾಗಿ, ನೆತ್ತಿಯ ನಾಣ್ಯ ತಟ್ಟೆಯಾಗುತ್ತಿತ್ತು. ಆಗಲೇಬೇಕಿತ್ತಲ್ಲ? ಮಾವನವರ ಮಗ. ಕಸಿ ಮಾಡಿದರೆ ಉಳಿದ ಕೂದಲು ಉದುರುವುದು ನಿಲ್ಲುವುದಿಲ್ಲ. ಅದಕ್ಕೆ ಔಷಧಿಯೇ ಬೇಕು. ಔಷಧಿ ಇಲ್ಲದೆ ಹೀಗೇ ಬಿಟ್ಟರೆ ಮುಂದೆ ಒಂದು ದಟ್ಟ ಬೇಲಿ, ಹಿಂದೆ ಬಯಲು. ಇಳಿಸಿ ಎಳೆಸಿಕೊಂಡ ಗೆರೆ ಐವತ್ತರಲ್ಲೂ ಅಲ್ಲೇ ಇರುತ್ತದೆ, ಅದನ್ನು ಹಿಂದೆ ಸರಿಸುವುದು ಸುಲಭವಲ್ಲ.

ಹಾಗಾದರೆ ಇನ್ನೊಮ್ಮೆ ನಾಟಿ? ಚರ್ಮದ ಡಾಕ್ಟರು ಹಿಂದಲೆಯ ಕೂದಲನ್ನು ಬಾಚಣಿಗೆಯಿಂದ ಎತ್ತಿ ನನಗೇ ತೋರಿಸಿದರು. ನುಸಿ ತಿಂದ ಉಣ್ಣೆ ಬಟ್ಟೆಯ ಹಾಗೆ ಅಲ್ಲಲ್ಲಿ ಖಾಲಿ. 27 ವರ್ಷಕ್ಕೆ ಮುಂದಿನ ಒಂದು ಗೇಣಿಗೆ 4,200 ಖರ್ಚು ಮಾಡಿದ್ದೇವೆ. ಚೆನ್ನಾಗಿ ಕಾಣಲು ಹುಟ್ಟು ದಟ್ಟಣೆಯ ಅರ್ಧದಷ್ಟು ಸಾಕಿತ್ತು. ಮಡಿಯಲ್ಲಿ ಉಳಿದಿರುವುದು ಒಂದು ಸಾವಿರ ಇದ್ದರೆ ಹೆಚ್ಚು, ಅದನ್ನೂ ಈಗ ಮುಟ್ಟಬೇಡಿ ಅಂದರು. ಡಿಸ್ಟಿಂಕ್ಷನ್ ಅಂದುಕೊಂಡಿದ್ದ ಅಂಕಿ ಸಾಲದ ಅಂಕಿಯಾಗಿತ್ತು. ಬೆಂಗಳೂರಿನವರು ಹೇಳಿದ್ದ 2,200 ಆಗಿದ್ದರೆ ಕೈಯಲ್ಲಿ ಇನ್ನೂ 2,000 ಮಿಗುತ್ತಿತ್ತು.

ಇಸ್ತಾಂಬುಲ್‌ನವರಿಗೂ ಬರೆದ. ಬೇರೊಬ್ಬ ಕೋಆರ್ಡಿನೇಟರ್ ಉತ್ತರಿಸಿದಳು: ನೆಟ್ಟದ್ದಕ್ಕೆ ಗ್ಯಾರಂಟಿ ಇದೆ, ನೆಟ್ಟದ್ದು ಚೆನ್ನಾಗೇ ಇದೆ, ನೆತ್ತಿಗೆ ಹೊಸ ಪ್ಯಾಕೇಜಿನಲ್ಲಿ ರಿಯಾಯಿತಿ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಸ್ವಲ್ಪ ದಿನ ಆಸೆಪಟ್ಟ. 2025ರ ಮೇ ತಿಂಗಳಲ್ಲಿ ಟರ್ಕಿ ಪಾಕಿಸ್ತಾನದ ಪರ ನಿಂತ ಮೇಲೆ ಮನೆಯಲ್ಲಿ ಆ ಊರಿನ ಹೆಸರೆತ್ತುವಂತೆಯೂ ಇರಲಿಲ್ಲ. ಮಾವನವರು "ಆ ದುಡ್ಡಿಗೆ ಒಂದು ಸೈಟ್ ಅಡ್ವಾನ್ಸ್ ಕೊಡಬಹುದಿತ್ತು" ಅಂದು ತಮ್ಮ ತಲೆ ಸವರಿಕೊಂಡರು.

2024ರ ನವೆಂಬರ್‌ನಿಂದ ಮಾತ್ರೆ ಶುರುವಾಗಿದೆ. ಎರಡು ವರ್ಷ ತಡ. ಡಾಕ್ಟರು ಅಡ್ಡ ಪರಿಣಾಮಗಳನ್ನು ಅವನ ಹೆಂಡತಿಯ ಎದುರಿಗೇ ಬಿಡಿಸಿ ಹೇಳಿದರು, ತೊಂದರೆ ಕಂಡರೆ ನಿಲ್ಲಿಸಿ ಬಂದು ಹೇಳಿ ಅಂದರು. ಕಂಡಿಲ್ಲ. ರಾತ್ರಿ ತಲೆಗೆ ಮಿನಾಕ್ಸಿಡಿಲ್ ಎಂಬ ಕೂದಲಿನ ಔಷಧಿ ಹಚ್ಚುತ್ತಾನೆ. ಅವಳಿಗೆ ನಾನು ಹೇಳಿದ್ದು ಒಂದೇ: ಬಸುರಿಯಾದರೆ ಪುಡಿಯಾದ, ಒಡೆದ ಮಾತ್ರೆ ಮುಟ್ಟಬೇಡಮ್ಮಾ, ಗಂಡು ಕೂಸಿಗೆ ತೊಂದರೆ. ಎಣ್ಣೆ ಮಾತ್ರ ಅವನಿಗೆ ಮಾರುವುದು ನಿಲ್ಲಿಸಿದ್ದೇನೆ.

ಒಂದು ವರ್ಷದ ಫೋಟೋಗಳನ್ನು ಹೋಲಿಸಿದರೆ ತಟ್ಟೆ ದೊಡ್ಡದಾಗಿಲ್ಲ. ಚಿಕ್ಕದೂ ಆಗಿಲ್ಲ. ಈಗ ಫೋಟೋ ತೆಗೆಯುವುದು ಅವನ ಹೆಂಡತಿ. ಮೂರು ತಿಂಗಳಿಗೊಮ್ಮೆ, ಅಂಗಡಿ ಮುಚ್ಚುವ ಹೊತ್ತಿಗೆ ಇಬ್ಬರೂ ಬರುತ್ತಾರೆ, ಅವನು ಸ್ಟೂಲಿನ ಮೇಲೆ ಕೂತು ಟ್ಯೂಬ್‌ಲೈಟಿಗೆ ತಲೆ ಬಗ್ಗಿಸುತ್ತಾನೆ. "ಹಿಂದಿಂದು ತೆಗೀಬ್ಯಾಡ" ಅನ್ನುತ್ತಾನೆ. ಅವಳು ಅದನ್ನೇ ಮೊದಲು ತೆಗೆಯುತ್ತಾಳೆ.